ಕಗ್ಗದ ಮೀಸೆ

"ಬಲೆಯಲ್ಲಿ ಬಂತು ಮೇಡಂ, ಬಂಗಡೆ ಜೊತಿಗೆ. ಎಂತದೋ ಕಸ ಅಂತ ಬಿಸಾಡ್ಲಿಕ್ಕೆ ಹೋಗಿದ್ರು. ನಾನೇ ಕಸಕಂಡು ಇಟ್ಟೆ."

ಚೌಡಮ್ಮ ಮೀನಿನ ಬುಟ್ಟಿಯ ತಳದಿಂದ ಹಳೆಯ ಪೇಪರಿನ ಸುರುಳಿಯೊಂದನ್ನು ತೆಗೆದು ಬಿಚ್ಚಿದಳು. ಒಳಗಿದ್ದದ್ದು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ತೋಳು. ಒಂದು ತುದಿಯಲ್ಲಿ ಉಪ್ಪುನೀರು ಕುಡಿದು ತುಕ್ಕು ಹಿಡಿದ ಪುಟ್ಟ ಮೋಟರು, ಇನ್ನೊಂದು ತುದಿಯಲ್ಲಿ ಮುರಿದ ಬಾಯಿ.

ಪಿ.ಎಸ್.ಐ. ವಿನುತಾ ಗೌಡ ಅದನ್ನು ಕೂಡಲೇ ಮುಟ್ಟಲಿಲ್ಲ. ಎಂಟು ದಿನಗಳಿಂದ ಅವಳು ಕಾಯುತ್ತಿದ್ದ ನಾಲ್ಕನೆಯ ತೋಳು ಅದು. ಇದೇ ಮಂಕಿಯ ದಂಡೆಯಲ್ಲಿ ಬಲೆ ಎಳೆಯುತ್ತಿದ್ದ ಚೌಡಮ್ಮನ ಗಂಡ ದುರ್ಗಪ್ಪನ ಮುಖದ ಮೇಲೆ ಒಂದು ಡ್ರೋನು ಗಿರಗಿರನೆ ತಿರುಗುತ್ತ ಬಿದ್ದು, ಅವನ ಎಡಗಣ್ಣನ್ನು ತೆಗೆದೇಬಿಟ್ಟಿತ್ತು. ಅಂಗಡಿಯಲ್ಲಿ ಕೊಂಡ ಡ್ರೋನಲ್ಲ. ಯಾರೋ ಪ್ರಿಂಟರಿನಲ್ಲಿ ಒಂದೊಂದೇ ಭಾಗ ಅಚ್ಚು ಹಾಕಿ ಮನೆಯಲ್ಲೇ ಜೋಡಿಸಿದ್ದು. ಮೂರು ತೋಳುಗಳು ಬಿದ್ದ ರಭಸಕ್ಕೆ ಚೂರುಚೂರಾಗಿ ಮರಳಲ್ಲೇ ಸಿಕ್ಕಿದ್ದವು. ನಾಲ್ಕನೆಯದು ಆಕಾಶದಲ್ಲೇ ಮುರಿದು ಸಮುದ್ರದ ಪಾಲಾಗಿತ್ತು.

"ಇನ್ನು ಇದೆಲ್ಲ ಎಂತಕ್ಕೆ ಬೇಕು ಹೇಳಿ," ಎಂದಳು ಚೌಡಮ್ಮ. "ಮಾಡಿದವ ಸಿಕ್ಕಿಬಿದ್ದಾತು. ಆಸ್ಪತ್ರೆಯಲ್ಲಿ ಇವ್ರಿಗೆ ಹೇಳ್ದೆ, ನಮ್ಮ ಕಾಗಾಲದ ಗೌಡ್ರ ಮನೆ ಹೆಣ್ಣು ಎರಡೇ ದಿನದಲ್ಲಿ ಹಿಡ್ದು ಹಾಕ್ತು ಅಂತ. ಕಣ್ಣು ಹೋದ ನೋವಲ್ಲೂ ನಗಾಡಿದ್ರು ಮೇಡಂ. ನಿಮ್ಮ ಹೊಟ್ಟೆ ತಣ್ಣಗಿರ್ಲಿ."

ಹೇಳುತ್ತಲೇ ಹತ್ತಾರು ಬಂಗಡೆಗಳನ್ನು ಎಣಿಸದೆ ಎತ್ತಿ ಚೀಲಕ್ಕೆ ತುಂಬಿದಳು. ವಿನುತಾ ಬೇಡ ಎಂದು ಕೈಯಾಡಿಸಿದಳು, ಆದರೆ ಆ ಕೈಯಲ್ಲಿ ಅಂಥ ಜೋರೇನೂ ಇರಲಿಲ್ಲ. ಆರು ದಿನಗಳಿಂದ ಹೊಗಳಿಕೆ ಉಂಡೂ ಉಂಡೂ ಅವಳ ಮೈಯೂ ಬೆಚ್ಚಗಾಗಿತ್ತು. ಚಹದಂಗಡಿಯಲ್ಲಿ ಚಹಕ್ಕೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ, ಬಸ್ಸಿನಲ್ಲಿ ಯಾರೋ ಮೊಬೈಲು ಚಾಚಿ ಜೊತೆಗೆ ಫೋಟೊ ಕೇಳಿದ್ದರು. ಬೇಡ ಎನ್ನುವ ಅಭ್ಯಾಸವೇ ತಪ್ಪಿತ್ತು.

ಚೌಡಮ್ಮ ಚೀಲವನ್ನು ಸ್ಕೂಟರಿನ ಕೊಕ್ಕೆಗೆ ಸಿಕ್ಕಿಸಲು ಹೋದಾಗ ವಿನುತಾ ತೋಳನ್ನು ಕೈಗೆತ್ತಿಕೊಂಡಳು. ಸುಮ್ಮನೆ, ಪೊಲೀಸರ ಚಾಳಿಯಂತೆ, ಅದಕ್ಕೊಂದು ಗೇಣು ಹಾಕಿದಳು.

ಒಂದು ಗೇಣು. ಮತ್ತೆ ಅರ್ಧ ಗೇಣು.

ಮತ್ತೊಮ್ಮೆ ಹಾಕಿದಳು. ಒಂದೂವರೆ ಗೇಣೇ. ನಡುವೆ ಎಲ್ಲೂ ಬೆಸುಗೆಯ ಗುರುತಿಲ್ಲ, ತಿರುಪಿನ ತೂತಿಲ್ಲ. ಇಡೀ ತೋಳು ಒಂದೇ ಅಚ್ಚಿನಲ್ಲಿ ಬಂದದ್ದು.

"ಮೇಡಂ, ನನ್ನ ಪ್ರಿಂಟರಿನ ತಟ್ಟೆ ಒಂದು ಗೇಣು ಕೂಡ ಇಲ್ಲ," ಎಂದು ಅವಳು ಹಿಡಿದು ತಂದ ಹುಡುಗ ಸುಫಿಯಾನ ಹೇಳಿದ್ದ. ಒಂದು ಸಲವಲ್ಲ, ಮೂರು ಸಲ. "ಬೇಕಾದ್ರೆ ಅಳೆದು ನೋಡಿ. ಇದರಲ್ಲಿ ನಾನು ಮಾಡೋದು ಮಿಕ್ಸಿಯ ಹಲ್ಲು, ಹೊಲಿಗೆ ಮಷಿನಿನ ಚಕ್ರ. ಡ್ರೋನಿನ ಕೈಕಾಲು ಇದರಲ್ಲಿ ಹಿಡಿಸೋದೇ ಇಲ್ಲ."

"ನನಗೇ ಪಾಠ ಹೇಳ್ತೀಯಾ?" ಎಂದಿದ್ದಳು ವಿನುತಾ.

ಅಳೆದು ನೋಡಿ ಎಂದು ಆರೋಪಿಯೇ ಅಂಗಲಾಚಿದ್ದ. ಅಳೆಯಲು ಟೇಪು ಬೇಕಿರಲಿಲ್ಲ, ಒಂದು ಕೈ ಸಾಕಿತ್ತು. ಠಾಣೆಯಲ್ಲಿದ್ದ ಚೂರುಗಳನ್ನಾದರೂ ಜೋಡಿಸಿ ನೋಡಬಹುದಿತ್ತು. ಅವನ್ನು ಚೀಲಕ್ಕೆ ಹಾಕಿ ಅರಗು ಒತ್ತಿ ಕಪಾಟಿಗೆ ಸೇರಿಸಿದ್ದರು. ಬಣ್ಣ ಹೊಂದಿತ್ತಲ್ಲ, ಅಷ್ಟು ಸಾಕಾಗಿತ್ತು.

ಸುಫಿಯಾನನದು ಭಟ್ಕಳದ ಒಂದು ಓಣಿಯಲ್ಲಿ ಪುಟ್ಟ ಮೊಬೈಲ್ ರಿಪೇರಿ ಅಂಗಡಿ. ಮೂಲೆಯಲ್ಲೊಂದು ತ್ರೀಡಿ ಪ್ರಿಂಟರ್, ಪ್ಲಾಸ್ಟಿಕ್ ತಂತಿಯನ್ನು ಕರಗಿಸಿ ಪದರದ ಮೇಲೆ ಪದರ ಇಟ್ಟು ಬೇಕಾದ ವಸ್ತು ಮಾಡಿಕೊಡುವ ಯಂತ್ರ. ಅದರ ಪಕ್ಕ ಕಿತ್ತಳೆ ತಂತಿಯ ಉರುಳೆ. ಪ್ರಿಂಟರು, ಕಿತ್ತಳೆ, ಭಟ್ಕಳ. ಈ ಮೂರು ಸೇರಿದ ಮೇಲೆ ನಾಲ್ಕನೆಯದನ್ನು ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಅಂದು ಎಲ್ಲರಿಗಿಂತ ಹೆಚ್ಚು ಹಳದಿ ಕಂಡದ್ದು ವಿನುತಾಳಿಗೇ.

ಅಷ್ಟಕ್ಕೇ ನಿಂತಿದ್ದರೆ ತಪ್ಪು ಎನ್ನಬಹುದಿತ್ತು. ಅವಳು ಮುಂದೆಯೂ ಹೋಗಿದ್ದಳು. ಮನೆ ಶೋಧಿಸುವಾಗ ಅವನ ತಾಯಿಯನ್ನು ಹೊರಗೆ ಅಂಗಳದಲ್ಲಿ ನಿಲ್ಲಿಸಿದ್ದಳು. ನಡು ಮಧ್ಯಾಹ್ನ, ಶುಕ್ರವಾರ, ಓಣಿ ತುಂಬ ಜನ. ಟಿ.ವಿ.ಯವನು ಗೋಡೆ ಹತ್ತಿ ಕ್ಯಾಮರಾ ಹಿಡಿದಿದ್ದ. "ಅಮ್ಮನನ್ನ ಒಳಗೆ ಕೂರಿಸಿ ಮೇಡಂ, ಅವರು ಹೀಗೆಲ್ಲ ಹೊರಗೆ ನಿಂತವರಲ್ಲ," ಎಂದು ಸುಫಿಯಾನ ಕೈಮುಗಿದಿದ್ದ. ಒಂದು ಗಂಟೆ ಹದಿನೈದು ನಿಮಿಷ ನಿಂತಿದ್ದರು ಆಕೆ, ಗೋಡೆಗೆ ಮುಖ ಮಾಡಿ. ವಿನುತಾ ಗಡಿಯಾರ ನೋಡಿಕೊಂಡದ್ದರಿಂದ ಹೊತ್ತು ನೆನಪಿತ್ತು. ಟಿ.ವಿ.ಯಲ್ಲಿ ತಾನು ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ನೋಡಿಕೊಂಡದ್ದು ಅದು.

ಈಗ ಮಂಕಿಯ ಮರಳಲ್ಲಿ ನಿಂತವಳ ಕಿವಿಗಳು ನಾಚಿಕೆಗೆ ಬಿಸಿಯಾದವು. ನಾಳೆ ಹನ್ನೊಂದಕ್ಕೆ ಸುಫಿಯಾನನನ್ನು ನ್ಯಾಯಾಲಯಕ್ಕೆ ಒಯ್ಯಬೇಕು. ಬಿಡುವುದೋ ಒಳಗಿಡುವುದೋ ಎಂಬುದು ಅವಳು ಬರೆಯುವ ವರದಿಯ ಮೇಲೆ ನಿಂತಿತ್ತು. ಸರಿ, ತೋಳು ಸಿಕ್ಕಿತಲ್ಲ, ಅಳತೆ ತೋರಿಸಿದರಾಯಿತು, ಬೈಸಿಕೊಂಡರಾಯಿತು. ಇಬ್ಬರು ಸಾಕ್ಷಿಗಳನ್ನು ಕರೆದು ಇಲ್ಲೇ ಪಂಚನಾಮೆ ಬರೆಯೋಣ ಎಂದು ಪೆನ್ನು ತೆಗೆದಳು.

ಆಗ ತೋಳಿನ ಮುರಿದ ಬಾಯಿ ಬಿಸಿಲಿಗೆ ತಿರುಗಿತು.

ಪ್ಲಾಸ್ಟಿಕ್ಕಿನ ಎರಡು ಪದರಗಳ ನಡುವೆ ಏನೋ ಕೂದಲಿನಂಥದ್ದು ಸಿಕ್ಕಿಕೊಂಡಿತ್ತು. ತೋಳು ಮುರಿದದ್ದು ಸರಿಯಾಗಿ ಅದೇ ಜಾಗದಲ್ಲಿ. ಉಗುರಿನಿಂದ ಮೀಟಿದಳು. ಬಗ್ಗಲಿಲ್ಲ, ಚುಚ್ಚಿತು. ಕಪ್ಪು ಮಿಶ್ರಿತ ಕೆಂಪು ಬಣ್ಣ, ಬುಡದಲ್ಲಿ ಹೊಟ್ಟಿನ ಚೂರು.

ಬೇರೆ ಯಾವ ಅಧಿಕಾರಿಯ ಕೈಗೆ ಸಿಕ್ಕಿದ್ದರೂ ಅದು ಕಸವಾಗಿರುತ್ತಿತ್ತು. ಬಯಲುಸೀಮೆಯಿಂದ ಬಂದ ಅವಳ ಸಾಹೇಬರಾದರೆ ಊದಿ ಹಾರಿಸಿಬಿಡುತ್ತಿದ್ದರು. ಆದರೆ ವಿನುತಾ ಹುಟ್ಟಿದ್ದು ಅಘನಾಶಿನಿಯ ದಂಡೆಯಲ್ಲಿ, ಗಜನಿ ಗದ್ದೆಯ ಕಟ್ಟೆಯ ಮೇಲೆ. ಸಮುದ್ರದ ಉಪ್ಪುನೀರು ನುಗ್ಗುವ ಆ ಗದ್ದೆಯಲ್ಲಿ ಬದುಕುವ ಭತ್ತ ಒಂದೇ, ಕಗ್ಗ. ಕಗ್ಗದ ಕಾಳಿನ ತುದಿಗೆ ಗಡಸು ಮೀಸೆ. ಚಿಕ್ಕಂದಿನಲ್ಲಿ ಕಣದ ಕೆಲಸ ಮಾಡಿದ ರಾತ್ರಿಯೆಲ್ಲ ಆ ಮೀಸೆ ಚುಚ್ಚಿದ ಕುತ್ತಿಗೆಯನ್ನು ಕೆರೆದುಕೊಂಡು ಮಲಗಿದವಳು ಅವಳು.

ಭಟ್ಕಳದ ಓಣಿಯಲ್ಲಿ ಕಗ್ಗ ಎಲ್ಲಿಂದ ಬರಬೇಕು? ಮಂಕಿಯಲ್ಲೂ ಇಲ್ಲ, ಹೊನ್ನಾವರದಲ್ಲೂ ಇಲ್ಲ. ಈ ಡ್ರೋನು ಹುಟ್ಟಿದ ಮನೆಯಲ್ಲಿ ಕಗ್ಗದ ಭತ್ತ ಇದೆ. ಪ್ರಿಂಟರಿನ ಮೇಲೆ ತೂಗುಹಾಕಿದ ಉರುಳೆಯಿಂದ ಹೊಟ್ಟು ಉದುರಿ, ಅರ್ಧ ಮುಗಿದ ತೋಳಿನ ಮೇಲೆ ಬಿದ್ದು, ಅದರ ಮೇಲೆ ಮುಂದಿನ ಪದರ ಕೂತಿದೆ. ಅಲ್ಲೇ ತೋಳು ದುರ್ಬಲವಾಗಿದೆ. ಇಷ್ಟೂ ಅವಳಿಗೆ ಒಂದೇ ಉಸಿರಿಗೆ ಹೊಳೆಯಿತು.

ಆದರೆ ಪ್ಲಾಸ್ಟಿಕ್ ತಂತಿಯ ಉರುಳೆಗೆ ಭತ್ತದ ಹೊಟ್ಟು ಹತ್ತುವುದು ಹೇಗೆ?

ಅದೂ ಹೊಳೆಯಿತು. ಹೊಳೆಯದಿದ್ದರೆ ಚೆನ್ನಾಗಿತ್ತು. ಪ್ಲಾಸ್ಟಿಕ್ ತಂತಿ ತೇವ ಹೀರಿದರೆ ಅಚ್ಚು ಕೆಡುತ್ತದೆ ಎಂದು ಸುಫಿಯಾನನೇ ಹೇಳಿದ್ದ. ಅವನು ಉರುಳೆಯನ್ನು ಗಾಳಿಯಾಡದ ಡಬ್ಬಿಯಲ್ಲಿಡುತ್ತಿದ್ದ. ಕರಾವಳಿಯ ಹವೆಯಲ್ಲಿ ಅಂಥ ಡಬ್ಬಿ ಇಲ್ಲದವರು ಏನು ಮಾಡಬೇಕು? ತೇವ ಕಂಡದ್ದನ್ನೆಲ್ಲ ಭತ್ತದ ಕಣಜದಲ್ಲಿ ಹೂಳುವ ಒಬ್ಬ ಹೆಂಗಸು ಅವಳಿಗೆ ಗೊತ್ತಿತ್ತು. ಬೆಂಕಿಪೊಟ್ಟಣ, ಟಾರ್ಚಿನ ಸೆಲ್ಲು, ಮಳೆಗೆ ನೆನೆದ ಮೊಬೈಲು, ವಿನುತಾಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೂಡ ಹದಿನೈದು ದಿನ ಕಣಜದಲ್ಲಿದ್ದು ಎದ್ದು ಬಂದಿತ್ತು.

ಪೆನ್ನನ್ನು ಜೇಬಿಗೆ ಮರಳಿಸಿದಳು. ತೋಳನ್ನು ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿದಳು.

"ಎಂತ ಮೇಡಂ, ಬರ್ಕಳುದಿಲ್ವಾ?" ಚೌಡಮ್ಮ ಕೇಳಿದಳು.

"ಆಮೇಲೆ," ಎಂದಳು ವಿನುತಾ. ಚೌಡಮ್ಮನ ಮುಖ ನೋಡಿ ಹೇಳಲಾಗಲಿಲ್ಲ.

ಶರಾವತಿ ಸೇತುವೆ ದಾಟಿ, ಕುಮಟಾ ಪೇಟೆ ಹಾದು, ತವರೂರು ಕಾಗಾಲ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ದಾರಿಯುದ್ದಕ್ಕೂ ಅವಳು ತನಗೆ ತಾನೇ ವಕೀಲಿ ಮಾಡಿದಳು. ಕಗ್ಗ ಬೆಳೆಯುವ ಊರು ಎಷ್ಟಿಲ್ಲ? ಕಣಜ ಇರುವ ಮನೆ ಎಷ್ಟಿಲ್ಲ? ತನ್ನನ್ನು ಹೆತ್ತ ಅವ್ವಿಯಂಥ ಅವ್ವಿಯರು ಎಷ್ಟಿಲ್ಲ? ಕೇಳಲು ಎಲ್ಲವೂ ಸರಿಯಾಗಿಯೇ ಇತ್ತು. ಆದರೆ ಸ್ಕೂಟರು ಬೇರೆ ಯಾವ ಮನೆಯ ಕಡೆಗೂ ತಿರುಗಲಿಲ್ಲ.

ಗಜನಿಯಲ್ಲಿ ಕಗ್ಗ ಹಣ್ಣಾಗುತ್ತಿತ್ತು. ನೀರುಕೋಳಿ ಓಡಿಸಲು ಕಟ್ಟೆಯ ಮೇಲೆ ಅಲ್ಲಲ್ಲಿ ಹೆಂಗಸರು ಡಬ್ಬ ಬಡಿಯುತ್ತಿದ್ದರು. ಅವರಲ್ಲಿ ಅತ್ತಿಗೆ ಕವಿತಾಳೂ ಇದ್ದಳು. ಸ್ಕೂಟರು ಕಂಡವಳೇ ಕೈಬೀಸಿ, "ಟಿ.ವಿ.ಯಲ್ಲಿ ಚಂದ ಕಂಡೆ ಮಾರಾಯ್ತಿ!" ಎಂದು ಕೂಗಿದಳು. ಕೂಗಿಗೆ ಉಳಿದವರೂ ನಕ್ಕರು. ವಿನುತಾ ಗಾಡಿ ನಿಲ್ಲಿಸಲಿಲ್ಲ.

ಅವ್ವಿ ಈರಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದಳು. ಮಗಳ ಖಾಕಿ ಕಂಡು ಮುಖ ಅರಳಿತು, ಕೈಯ ಚೀಲ ಕಂಡು ಇನ್ನಷ್ಟು ಅರಳಿತು. ಅಂಗಳದಲ್ಲಿ ಅಣ್ಣ ನಾಗರಾಜ ದೋಣಿಯ ಎಂಜಿನ್ನೊಂದನ್ನು ಬಿಚ್ಚಿ ಹರಡಿಕೊಂಡಿದ್ದ. ಪಂಪು, ಮೋಟರು, ಎಂಜಿನ್ನು, ಹೀಗೆ ತಿರುಗುವ ಯಾವುದೇ ವಸ್ತು ಕೆಟ್ಟರೂ ಕುಮಟಾದಿಂದ ಬಾಡದವರೆಗಿನ ಜನ ಅವನ ಹತ್ತಿರವೇ ಬರುತ್ತಿದ್ದರು.

"ಅಪರೂಪಕ್ಕೆ ಬಂದೆ ಅಲೆ ತಂಗಿ," ಎಂದ. ನಕ್ಕ. ನಗು ಸರಿಯಾಗಿ ಕೂರಲಿಲ್ಲ.

"ಬಂಗಡೆ ಎಲ್ಲಿದು?" ಅವ್ವಿ ಚೀಲ ಬಿಚ್ಚುತ್ತ ಕೇಳಿದಳು. "ಎಷ್ಟು ಹಸಿ ಇದ್ದು ನೋಡು!"

ಪೊಲೀಸ್ ಬುದ್ಧಿ ಎಂಬುದು ಕೆಟ್ಟದ್ದು, ತವರಿನಲ್ಲೂ ಚಪ್ಪಲಿ ಕಳಚುವುದಿಲ್ಲ. ವಿನುತಾ ಅಣ್ಣನ ಕೈಯನ್ನೇ ನೋಡುತ್ತ ಹೇಳಿದಳು:

"ಮಂಕಿದು. ದುರ್ಗಪ್ಪನ ಹೆಂಡ್ತಿ ಕೊಟ್ಟದ್ದು."

ನಾಗರಾಜನ ಕೈಯಿಂದ ಪಾನಾ ಜಾರಿ ಕಲ್ಲಿನ ಮೇಲೆ ಠಣ್ಣೆಂದಿತು. ಅವ್ವಿಯ ಕೈ ಚೀಲದೊಳಗೇ ನಿಂತಿತು. ಯಾವ ದುರ್ಗಪ್ಪ ಎಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ.

ವಿನುತಾ ನೆಟ್ಟಗೆ ಒಳಗೆ ಹೋದಳು. ನಡುಮನೆಯ ಮೂಲೆಯಲ್ಲಿ ಸಗಣಿ ಬಳಿದ ಬಿದಿರಿನ ಕಣಜ. ಅಂಗಿಯ ತೋಳು ಮಡಚಿ, ಭತ್ತದೊಳಕ್ಕೆ ಮೊಣಕೈವರೆಗೆ ಕೈ ಇಳಿಸಿದಳು. ಮೀಸೆಗಳು ಚರ್ಮಕ್ಕೆ ಚುಚ್ಚಿದವು. ಇಲ್ಲದಿರಲಿ ದೇವರೇ ಎಂದು ಬೇಡಿಕೊಂಡೇ ಹುಡುಕಿದಳು. ಬೆರಳಿಗೆ ತಣ್ಣನೆಯ, ಗುಂಡಗಿನ ಅಂಚು ತಾಗಿತು. ಎಳೆದಳು. ಕಿತ್ತಳೆ ತಂತಿಯ ಉರುಳೆ, ಅರ್ಧ ಖಾಲಿಯಾದದ್ದು, ಮೈತುಂಬ ಹೊಟ್ಟು ಅಂಟಿಸಿಕೊಂಡು ಹೊರಬಂತು.

ಹೆಗಲ ಮೇಲೆ ಕುರಿ ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ವಿನುತಾ ಹುಡುಕಿದ್ದು ಊರಷ್ಟೇ ಅಲ್ಲ, ಪರರ ಮನೆಯ ಅಟ್ಟ, ಪೆಟ್ಟಿಗೆ, ಹಾಸಿಗೆ ಎಲ್ಲವನ್ನೂ ಬಗೆದು ನೋಡಿದ್ದಳು.

ಬಾಗಿಲಲ್ಲಿ ನಾಗರಾಜ ನಿಂತಿದ್ದ. ಅವನ ಹಿಂದೆ ಅವ್ವಿ.

"ನಾನೇ ಇಟ್ಟದ್ದು," ಎಂದಳು ಅವ್ವಿ ಮೊದಲು. "ತೇವ ಆದ್ರೆ ಹಾಳಾತು ಅಂದ. ಅದ್ಕೆ ಇಟ್ಟ್ನೆ."

"ನೀ ಸುಮ್ನಿರು ಅವ್ವಿ," ಎಂದ ನಾಗರಾಜ.

ವಿನುತಾ ಬ್ಯಾಗಿನಿಂದ ಮುರಿದ ತೋಳನ್ನು ತೆಗೆದು ಉರುಳೆಯ ಪಕ್ಕ ಹಿಡಿದಳು. ಮೀಸೆಯ ಜಾಗವನ್ನು ತೋರಿಸಿದಳು. ನಾಗರಾಜ ಬಗ್ಗಿ ನೋಡಿದ, ಉಗುರಿನಿಂದ ಮೀಟಿ ನೋಡಿದ. ಕಳ್ಳನ ಹಾಗಲ್ಲ, ಮೆಕ್ಯಾನಿಕ್ಕಿನ ಹಾಗೆ.

"ಇದಾ ಮುರ್ದದ್ದು!" ಎಂದ ಮೆಲ್ಲಗೆ. "ನಾ ಮೋಟರು ಹಾರಿಹೋತು ಅಂದ್ಕಂಡಿದ್ದೆ."

"ಯಾವಾಗ ಮಾಡ್ದೆ ಇದನ್ನ?"

"ಚೌತಿ ಮುಂಚೆ. ಪ್ರಿಂಟರೂ ನಾನೇ ಕಟ್ಟಿದ್ದು, ಗುಜರಿ ಕಬ್ಬಿಣ ತಂದು. ನಿಂಗೆ ತೋರ್ಸುವ ಅಂತ ಗೋಣಿ ಮುಚ್ಚಿ ಇಟ್ಟಿದ್ದೆ. ನೀ ಚೌತಿಗೆ ಬಂದವ್ಳು ಗಣಪತಿಗೆ ಕೈಮುಗ್ದು ಜೀಪು ಹತ್ತಿದೆ."

"ಎಂತಕ್ಕೆ ಮಾಡ್ದೆ?"

"ಹಕ್ಕಿ ಓಡ್ಸುಕೆ. ಡಬ್ಬ ಬಡ್ದು ಬಡ್ದು ಅವ್ವಿ ರಟ್ಟೆ ಸೋತುಹೋಗಿತ್ತು. ಒಂದು ಡ್ರೋನು ತಿರುಗ್ತಾ ಇದ್ರೆ ಒಂದು ನೀರುಕೋಳಿ ಗದ್ದೆಗೆ ಇಳಿಯುದಿಲ್ಲ."

"ಹಕ್ಕಿ ಇರುದು ಇಲ್ಲಿ. ಮಂಕಿಗೆ ಎಂತಕ್ಕೆ ಹೋದೆ?"

"ಕವಿತಾನ ತವರಿಗೆ ಹೋಗಿದ್ನಲೆ. ಇಲ್ಲಿ ಎಲ್ಲ ಬದಿ ಕರೆಂಟು ತಂತಿ, ತೆಂಗಿನ ಮರ. ಅಲ್ಲಿ ಬಯಲು ಸಮುದ್ರ. ಮೊದ್ಲು ಅಲ್ಲಿ ಹಾರ್ಸಿ ಕೈ ಕುದುರ್ಸ್ಕಂಬ ಅಂತ ಮಾಡ್ದೆ. ಗಾಳಿಮರದ ಹಿಂದೆ ನಿಂತಿದ್ದೆ, ಯಾರೂ ನೋಡಿ ನಗಾಡುದು ಬ್ಯಾಡ ಅಂತ. ನೀರಿನ ಮೇಲೆ ಹೋತು. ಟಪ್ ಅಂತು. ಅಷ್ಟೇ, ತಿರುಗಿ ತಿರುಗಿ ದಂಡೆ ಬದಿಗೆ ಬಂತು. ನಾ ಎಂತ ಒತ್ತಿದ್ರೂ ಕೇಳ್ಲಿಲ್ಲ ತಂಗಿ."

"ಆಮೇಲೆ?"

"ಅವ್ರು ಕೂಗಿದ್ದು ಕೇಳ್ತು."

"ಆಮೇಲೆ?"

"ರಕ್ತ ನೋಡ್ದೆ."

"ಆಮೇಲೆ, ಅಣ್ಣ?"

ನಾಗರಾಜ ನೆಲ ನೋಡಿದ. ಎಣ್ಣೆ ಮೆತ್ತಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ.

"ಓಡ್ದೆ," ಎಂದ.

ಚಿಕ್ಕಂದಿನಲ್ಲಿ ಗಜನಿಯ ಕೆಸರಿನಲ್ಲಿ ಹೂತುಹೋಗಿದ್ದ ತಂಗಿಯನ್ನು ಕಂಕುಳಿಗೆ ಕೈಕೊಟ್ಟು ಎಳೆದು ತೆಗೆದವನು ಇವನೇ. ಯಾರ ಎಂಜಿನ್ನು ನಡುನೀರಿನಲ್ಲಿ ಕೆಟ್ಟರೂ ಉಣ್ಣುವ ತಟ್ಟೆ ಬಿಟ್ಟು ಏಳುವವನು. ಅವನು ಓಡಿದ್ದ. ವಿನುತಾಳಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ನಾಚಿಕೆ. ಅಣ್ಣನ ನಾಚಿಕೆ ತನ್ನ ಮೈಗೂ ಹತ್ತಿದಂತಾಯಿತು.

"ಆರು ದಿನ ಆತು," ಎಂದಳು. "ಆ ಹುಡುಗ ಒಳಗಿದ್ದಾನೆ. ನೀ ಟಿ.ವಿ. ನೋಡಿದ್ಯಲ್ಲ. ಒಂದು ಫೋನು ಮಾಡುಕೆ ಆಗ್ಲಿಲ್ವಾ?"

"ಮಾಡಿದ್ದೆ."

"ಸುಳ್ಳು."

"ಶುಕ್ರವಾರ ಸಂಜಿಗೆ. ನಿನ್ನ ಫೋನು ನೋಡ್ಕ. ನೀ ಎತ್ತಿದೆ. ನಾ ಬಾಯಿ ಬಿಡುದ್ರೊಳಗೆ, 'ಅಣ್ಣ, ಡ್ರೋನಿನವ ಸಿಕ್ಕಿದ, ನಾನೇ ಹಿಡ್ದದ್ದು, ಅವ್ವಿಗೆ ಹೇಳು' ಅಂದೆ. ಅಷ್ಟು ಖುಷಿ ನಿನ್ನ ಸ್ವರದಲ್ಲಿ ನಾ ಯಾವತ್ತೂ ಕೇಳಿರ್ಲಿಲ್ಲ. ಎಂತ ಹೇಳುದು ನಾನು? ಇಟ್ಟುಬಿಟ್ಟೆ."

ವಿನುತಾಳಿಗೆ ನೆನಪಿತ್ತು. ಆ ಫೋನಿನಲ್ಲಿ ತಾನೆಷ್ಟು ಜೋರಾಗಿ ಮಾತಾಡಿದ್ದೆ, ಪಕ್ಕದಲ್ಲಿದ್ದವರಿಗೆ ಕೇಳಲಿ ಎಂದೇ ಮಾತಾಡಿದ್ದೆ ಎಂಬುದೂ ನೆನಪಿತ್ತು.

"ಮತ್ತೊಂದ್ಸಲ ಮಾಡ್ತೆ ಅಂದ," ಎಂದಳು ಅವ್ವಿ. ಈಗ ಅವಳು ಮಗನನ್ನು ಸರಿಸಿ ಮುಂದೆ ಬಂದಿದ್ದಳು. ಕುತ್ತಿಗೆಯ ಮಣಿಸರವನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. "ನಾ ಬ್ಯಾಡ ಅಂದೆ. ಹೌದು, ನಾನೇ. ಕೇರಿಯವ್ರೆಲ್ಲ ಬಂದು ಇದೇ ಜಗಲಿಯಲ್ಲಿ ಕೂತು ನಿನ್ನ ಟಿ.ವಿ.ಯಲ್ಲಿ ನೋಡಿದ್ರು. ನಮ್ಮ ಜಾತಿಯಲ್ಲಿ ಯಾವ ಹೆಣ್ಣಿಗೆ ಹೆಗಲ ಮೇಲೆ ಆ ನಕ್ಷತ್ರ ಸಿಕ್ಕಿತ್ತು? ಅಣ್ಣನೇ ಕಳ್ಳ ಅಂದ್ರೆ ನಿನ್ನ ನಕ್ಷತ್ರ ಉಳಿತಾ? ಆ ಹುಡುಗ ಹೇಂಗೂ ಹೊರಗೆ ಬತ್ತ ಅಂದ್ರು."

"ಯಾರು ಅಂದ್ರು ಅವ್ವಿ?"

"ಯಾರೋ ಅಂದ್ರು."

"ಅವನ ತಾಯಿಯನ್ನ ನಾ ಬಿಸಿಲಲ್ಲಿ ನಿಲ್ಸಿದ್ದೆ," ಎಂದಳು ವಿನುತಾ. ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು, ತಡೆಯಲಾಗದೆ ಬಂತು. "ನಿನ್ನಷ್ಟೇ ವಯಸ್ಸು ಅವ್ರಿಗೆ. ಗೋಡೆ ಬದಿ ಮುಖ ಮಾಡಿ ನಿಂತಿದ್ರು. ನಾ ಕೂತ್ಕಳಿ ಅಂತ ಸಹ ಹೇಳ್ಲಿಲ್ಲ."

ಅವ್ವಿ ಮಣಿಸರ ಬಿಟ್ಟಳು. ಗದ್ದೆಯಿಂದ ಡಬ್ಬದ ಸದ್ದು ಬರುತ್ತಲೇ ಇತ್ತು.

ನಾಗರಾಜ ಹಿತ್ತಲಿಗೆ ಹೋಗಿ ಸಾಬೂನು ಹಾಕಿ ಕೈ ತೊಳೆದ. ಉಗುರಿನ ಸಂದಿಯ ಎಣ್ಣೆಯನ್ನೂ ತೆಗೆದ. ಗೂಟದ ಮೇಲಿನ ಬಿಳಿ ಅಂಗಿ ತೊಟ್ಟು, ಕೆಳಗಿನಿಂದ ಒಂದೊಂದೇ ಗುಂಡಿ ಹಾಕುತ್ತ ತಂಗಿಯ ಎದುರು ಬಂದು ನಿಂತ.

"ನಡಿ," ಎಂದ. "ಮೊದ್ಲು ದುರ್ಗಪ್ಪನ ಹತ್ರ ಕರ್ಕಂಡು ಹೋಗು. ಆಮೇಲೆ ಎಲ್ಲಿಗೆ ಬೇಕಾದ್ರೂ. ಎಂಟು ದಿನದಿಂದ ನಂಗೆ ಅನ್ನ ಇಳಿಲಿಲ್ಲ."

ವಿನುತಾಳಿಗೆ ಅಳು ಬಂತು. ಇದೇ ಸರಿ. ಕಷ್ಟ, ಆದರೆ ಸರಿ. ತೋಳನ್ನು, ಉರುಳೆಯನ್ನು, ಅಣ್ಣನನ್ನು, ಮೂರನ್ನೂ ಸಾಹೇಬರ ಮುಂದಿಟ್ಟು, ತಪ್ಪು ನನ್ನದು ಎಂದುಬಿಡುವುದು. ನಾಳೆ ಹನ್ನೊಂದಕ್ಕೆ ಹುಡುಗ ಮನೆಗೆ ಹೋಗುತ್ತಾನೆ. ಅಣ್ಣ ಬೇಕೆಂದು ಮಾಡಿದ್ದಲ್ಲ, ನ್ಯಾಯಾಲಯಕ್ಕೂ ಕಣ್ಣಿದೆ. ಎಲ್ಲ ಸೇರಿಸಿ ಒಂದು ದಾರಿ ಕಂಡಂತಾಯಿತು.

ಫೋನು ಹೊಡೆದುಕೊಂಡಿತು. ಹೆಡ್ ಕಾನ್‌ಸ್ಟೆಬಲ್ ಜಟ್ಟಿ. ಜಟ್ಟಿ ಫೋನಿನಲ್ಲಿ ಮಾತಾಡಿದರೆ ಫೋನೇ ಬೇಡ, ಅಷ್ಟು ದೊಡ್ಡ ದನಿ. ನಡುಮನೆಯಲ್ಲಿದ್ದ ಮೂವರಿಗೂ ಕೇಳಿಸಿತು.

"ಮೇಡಂ, ಎಲ್ಲಿದ್ರಿ? ಕೆಲ್ಸ ಆತು! ಹುಡುಗ ಒಪ್ಕಂಡ."

"ಎಂತ ಒಪ್ಕಂಡ?"

"ಎಲ್ಲ! ತಾನೇ ಮಾಡಿದ್ದು, ತಾನೇ ಹಾರ್ಸಿದ್ದು ಅಂತ. ನಾಳೆ ನ್ಯಾಯಾಧೀಶರ ಮುಂದೆ ಅವನೇ ಹೇಳ್ತಾನಂತೆ. ನಮ್ಗೆ ಬಾಯಿ ನೋವಿಲ್ಲ."

"ಹೊಡೆದ್ರಾ?"

"ಛೆ ಛೆ! ಮೈ ಮುಟ್ಲಿಲ್ಲ. 'ವಿನುತಾ ಮೇಡಂ ಭಟ್ಕಳಕ್ಕೆ ಹೋಗಿದ್ದಾರೆ, ನಿನ್ನ ತಾಯಿಯನ್ನ ಠಾಣೆಗೆ ಕರ್ಕಂಡು ಬರ್ಲಿಕ್ಕೆ' ಅಂದೆ. ಅಷ್ಟೇ ಅಂದದ್ದು. ಕೂತಲ್ಲೇ ಅಳ್ಲಿಕ್ಕೆ ಸುರು ಮಾಡ್ದ. 'ಆ ಮೇಡಂ ಬೇಡ, ಅವ್ರನ್ನ ಕಳಿಸ್ಬೇಡಿ, ನೀವು ಎಂತ ಹೇಳ್ತೀರೋ ಅದನ್ನೇ ಹೇಳ್ತೆ' ಅಂದ. ನಿಮ್ಮ ಹೆಸರೇ ಸಾಕಾತು ಮೇಡಂ!"

ಜಟ್ಟಿ ನಕ್ಕ. ಆ ನಗುವೂ ಮೂವರಿಗೆ ಕೇಳಿಸಿತು.

ಆ ಹೊತ್ತಿನಲ್ಲಿ ವಿನುತಾಳಿಗೆ ಏನಾಯಿತು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅವಳಿಗೆ ಸಮಾಧಾನವಾಯಿತು. ಎದೆಯ ಮೇಲಿಂದ ಯಾರೋ ಕಾಲು ತೆಗೆದಂತೆ ಉಸಿರು ಸಲೀಸಾಗಿ ಬಂತು. ಅಣ್ಣ ಮನೆಯಲ್ಲೇ ಇರುತ್ತಾನೆ, ಅವ್ವಿ ಜಗಲಿಯಲ್ಲಿ ತಲೆಯೆತ್ತಿ ಕೂರುತ್ತಾಳೆ, ಹೆಗಲ ಮೇಲಿನದು ಹೆಗಲ ಮೇಲೇ ಉಳಿಯುತ್ತದೆ. ಅದರ ಬೆನ್ನಿಗೇ, ಅಂಥ ಸಮಾಧಾನ ತನಗಾಯಿತಲ್ಲ ಎಂದು ಮೈಯೆಲ್ಲ ಹೇಸಿಗೆಯಾಯಿತು. ಆದರೆ ಸಮಾಧಾನವೇನೂ ಹಿಂದೆ ಹೋಗಲಿಲ್ಲ.

"ಹಲೋ? ಮೇಡಂ? ಸಾಹೇಬ್ರು ಇಲ್ಲೇ ಇದ್ದಾರೆ, ಕೇಳ್ತಾ ಇದ್ದಾರೆ. ಮಂಕಿಯಲ್ಲಿ ಎಂತಾರೂ ಸಿಕ್ತಾ ಅಂತ. ಇಲ್ಲ ಅಂದ್ರೆ ಇವತ್ತೇ ಕಾಗದ ಎಲ್ಲ ಮುಗ್ಸಿಬಿಡುವ ಅಂತಾರೆ."

ಅವ್ವಿ ಮಗಳನ್ನು ನೋಡಿದಳು. ನಾಗರಾಜನೂ ನೋಡಿದ, ಕೊನೆಯ ಗುಂಡಿಯ ಮೇಲೆ ಬೆರಳಿಟ್ಟುಕೊಂಡು.

"ಇಲ್ಲ ಜಟ್ಟಿಯವ್ರೇ," ಎಂದಳು ವಿನುತಾ. "ಏನೂ ಸಿಗಲಿಲ್ಲ."

ಫೋನು ಇಟ್ಟಳು. ಅವ್ವಿ ದೊಡ್ಡದೊಂದು ಉಸಿರು ಬಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, ಬಂಗಡೆಯ ಚೀಲ ಎತ್ತಿಕೊಂಡು ಹಿತ್ತಲಿಗೆ ನಡೆದಳು.

ನಾಗರಾಜ ಕೊನೆಯ ಗುಂಡಿಯನ್ನೂ ಹಾಕಿದ. ತಂಗಿಯನ್ನು ಆವರೆಗೆ ನೋಡಿಯೇ ಇಲ್ಲವೇನೋ ಎಂಬಂತೆ ನೋಡುತ್ತ ಕೈ ಚಾಚಿದ.

"ಆ ತುಂಡು ಇಲ್ಲಿ ಕೊಡು ತಂಗಿ," ಎಂದ. "ನೀ ಬಪ್ಪುದು ಬ್ಯಾಡ. ನಾ ಒಬ್ನೇ ಹೋಗಿ ಹೇಳ್ತೆ."

ವಿನುತಾ ಕೊಡಲಿಲ್ಲ. ಮುರಿದ ತೋಳನ್ನು ಬೆನ್ನ ಹಿಂದೆ ಹಿಡಿದುಕೊಂಡು, ಒಂದು ಹೆಜ್ಜೆ ಹಿಂದಕ್ಕೆ ಸರಿದಳು.